ಬಾಯಲ್ಲಿ ಗುಂಡುಸೂಜಿ

ಕಾಲೇಜಿನ ಎದುರಿಗೆ ಅಂಗಡಿ ಇಟ್ಟುಕೊಂಡಿದ್ದ ಟೈಲರ್ ಮಾಸ್ಟರು ಮಹಾಜ್ಞಾನಿಯೆಂದು ಹೆಸರಾದದ್ದು ಅವರು ಬಾಯಲ್ಲಿ ಕಚ್ಚಿಕೊಳ್ಳುತ್ತಿದ್ದ ಗುಂಡುಸೂಜಿಗಳ ದೆಸೆಯಿಂದ. ಬಾಯಿ ತೆರೆದರೆ ಸೂಜಿ ಬೀಳುತ್ತದೆ. ಬಿದ್ದ ಸೂಜಿಯನ್ನು ಕಲ್ಲುಚಪ್ಪಡಿಯ ಸಂದಿನಿಂದ ಹೆಕ್ಕಬೇಕು. ಹೆಕ್ಕಲು ಬಗ್ಗಿದರೆ ಸೊಂಟ ಹಿಡಿದುಕೊಳ್ಳುತ್ತದೆ. ಹಾಗಾಗಿ ಗಿರಾಕಿ ಏನೇ ಹೇಳಲಿ, ಮಾಸ್ಟರು ತುಟಿ ಬಿಗಿಹಿಡಿದು "ಹೂಂ" ಎನ್ನುತ್ತಿದ್ದರು.

ಕಾಲೇಜಿನ ಹುಡುಗರ ಪ್ಯಾಂಟು ಒಂದು ವರ್ಷ ಕಾಲಿಗೆ ಅಂಟಿಕೊಂಡಿರಬೇಕು, ಮರುವರ್ಷ ಜೋಲಾಡಬೇಕು. ಹಿಡಿಸುವುದಕ್ಕೂ ಬಿಡಿಸುವುದಕ್ಕೂ ಅವರು ಮಾಸ್ಟರ ಬಳಿ ಬಂದು ಮರದ ಮಣೆಯ ಮೇಲೆ ಗೊಂಬೆಯಂತೆ ನಿಲ್ಲಬೇಕು. ಕೈ ಎತ್ತುವಂತಿಲ್ಲ, ಕಾಲು ಅಲುಗಿಸುವಂತಿಲ್ಲ, ಫೋನು ನೋಡುವಂತಿಲ್ಲ. ಆ ಸ್ಥಿತಿಯಲ್ಲಿ ಮನುಷ್ಯನಿಗೆ ಉಳಿಯುವ ಒಂದೇ ಅಂಗ ನಾಲಗೆ.

"ಮನೇಲಿ ನನ್ನ ಮುಖ ಕಂಡ್ರೆ ಯಾರಿಗೂ ಆಗಲ್ಲ ಮಾಸ್ಟ್ರೇ."

"ಹೂಂ."

"ಓದಿದ್ರೂ ಕೆಲಸ ಸಿಗಲ್ಲ ಅಂತ ಗೊತ್ತು. ಗೊತ್ತಿದ್ದೂ ಓದ್ತಾ ಇದೀನಲ್ಲ, ನನಗೇ ತಲೆ ಕೆಟ್ಟಿದೆ ಅನ್ಸುತ್ತೆ."

"ಹೂಂ."

"ನಿಮಗೆ ಹೇಳಿದ್ಮೇಲೆ ಎಷ್ಟೋ ಹಗುರ ಆಯ್ತು."

"ಹೂಂ."

ಅಷ್ಟು ಹೊತ್ತೂ ಮಾಸ್ಟರು ಯೋಚಿಸುತ್ತಿದ್ದದ್ದು, ತುಂಡುಬಟ್ಟೆ ಒಂದು ಜೇಬಿಗೆ ಸಾಲುತ್ತದೋ ಎರಡಕ್ಕೋ ಎಂದು. ಅದನ್ನು ತಿಳಿಯದ ಹುಡುಗರು ಕೆಲಸ ಮುಗಿದರೂ ಅಂಗಡಿಯ ಮುಂದಿನ ಬೆಂಚು ಬಿಟ್ಟು ಏಳುತ್ತಿರಲಿಲ್ಲ.

ಇದೇ ಮಾಸ್ಟರು ಸಂಜೆ ಅಂಗಡಿ ಮುಚ್ಚಿ, ಸೂಜಿಗಳನ್ನು ಡಬ್ಬಿಗೆ ಉಗುಳಿ, ಮನೆಯ ಹೊಸ್ತಿಲು ದಾಟಿದರೆಂದರೆ ಬೇರೆಯೇ ಪ್ರಾಣಿ. ದಿನವಿಡೀ ಅದುಮಿಟ್ಟ ಮಾತು ನಲ್ಲಿ ಕಿತ್ತುಹೋದಂತೆ ಸುರಿಯುತ್ತಿತ್ತು. ಸುರಿಯಲು ಸಿಗುತ್ತಿದ್ದವಳು ಒಬ್ಬಳೇ ಮಗಳು. ಅವಳು ಕಾಲೇಜಿನ ಪರೀಕ್ಷೆಯಲ್ಲಿ ಫೇಲಾಗಿ ಮನೆ ಸೇರಿದ್ದಳು. ಅಂದಿನಿಂದ ಅವಳ ಬಾಯಿಂದ ಬರುತ್ತಿದ್ದದ್ದೂ ಒಂದೇ ಶಬ್ದ: "ಹೂಂ." ಅದು ಅಪ್ಪನಿಂದ ಬಂದ ಬಳುವಳಿಯೋ, ಅಪ್ಪನಿಗೆ ಕೊಟ್ಟ ಉತ್ತರವೋ, ಯಾರೂ ವಿಚಾರಿಸಿರಲಿಲ್ಲ.

"ಊರಿನ ಮಕ್ಕಳೆಲ್ಲ ನಿಮ್ಮ ಹತ್ರ ಮನಸ್ಸು ಬಿಚ್ತಾರಂತೆ," ಎಂದು ಹೆಂಡತಿ ಚುಚ್ಚುತ್ತಿದ್ದಳು. "ಮನೇಲಿರೋಳ ಬಾಯಿ ಬಿಡಿಸಿ ನೋಡೋಣ."

"ಬಿಡಿಸೋಕೇ ತಾನೆ ನಾನು ದಿನಾ ಗಂಟಲು ಹರ್ಕೊಳ್ತಿರೋದು," ಎಂದು ಮಾಸ್ಟರು ಮತ್ತೆ ಶುರುಮಾಡುತ್ತಿದ್ದರು.

ಹೀಗಿರುವಾಗ ಷಡ್ಡಕರು ಊಟಕ್ಕೆ ಕರೆದರು. ಹೆಂಡತಿಯ ಅಕ್ಕನ ಗಂಡ ಇವರು. ಒಂದು ಸಂಸ್ಥೆಯಲ್ಲಿ ದೊಡ್ಡ ಕುರ್ಚಿ. ಊಟ ನೆಪ, ಹೊಸ ಸೋಫಾ ತೋರಿಸುವುದು ಉದ್ದೇಶ. ಕೂರುವ ಜಾಗಕ್ಕೆ ಹೊದಿಸಿದ್ದ ಪ್ಲಾಸ್ಟಿಕ್ಕನ್ನು ಇನ್ನೂ ತೆಗೆದಿರಲಿಲ್ಲವಾದ್ದರಿಂದ ಯಾರು ಅಲುಗಿದರೂ ಚರಪರ ಸದ್ದಾಗುತ್ತಿತ್ತು. ಮಗಳು ಮೂಲೆಯಲ್ಲಿ ಸದ್ದೇ ಆಗದಂತೆ ಕೂತಿದ್ದಳು.

"ನಮ್ಮನೆಯವರು ಬಡ ದೇಶಗಳ ಯುವಕರ ಮನಸ್ಸು ಸರಿಮಾಡೋಕೆ ಹೊರದೇಶದಿಂದ ಅನುದಾನ ತರ್ತಾರೆ," ಎಂದಳು ಅತ್ತಿಗೆ. "ನಿಮ್ದು ಬಿಡಿ, ನಿಮಗೆ ಪ್ಯಾಂಟು ಸರಿಮಾಡಿದ್ರೆ ಆಯ್ತು."

ಯಾವ ಗಂಡಸೂ ತನ್ನ ಹೆಂಡತಿಯ ಎದುರಿಗೆ ಅವಳ ಅಕ್ಕನಿಂದ ಇಷ್ಟು ಕೇಳಿಸಿಕೊಂಡು ಸುಮ್ಮನಿರಲಾರ. ಅಂದು ಬಾಯಲ್ಲಿ ಸೂಜಿಯೂ ಇರಲಿಲ್ಲ.

"ನನ್ನ ಅಂಗಡೀಲಿ ನಡೆಯೋದೂ ಅದೇ ಅತ್ತಿಗೆ. ಪ್ಯಾಂಟು ಹೊರಗಿನ ತೋರಿಕೆ, ಅಷ್ಟೆ. ಒಳಗೆಲ್ಲ ಮನಸ್ಸಿಂದೇ ಕೆಲಸ. ನಂದೇ ಒಂದು ಪದ್ಧತಿ ಇದೆ."

ಸೋಫಾದ ಮೂಲೆಯಲ್ಲಿ ಚರಪರ ಸದ್ದಾಯಿತು. ಮಗಳು ತಲೆ ಎತ್ತಿ ಅಪ್ಪನನ್ನು ನೋಡಿದಳು. ಷಡ್ಡಕರೂ ಊಟದ ತಟ್ಟೆ ಕೆಳಗಿಟ್ಟರು. ಅವರು ಕಳಿಸಿದ ಯೋಜನೆಗಳೆಲ್ಲ "ಹೊಸತನ ಇಲ್ಲ" ಎಂಬ ಷರಾದೊಂದಿಗೆ ವಾಪಸಾಗಿ, ದೊಡ್ಡ ಕುರ್ಚಿಯ ಒಂದು ಕಾಲು ಆಗಲೇ ಅಲ್ಲಾಡುತ್ತಿತ್ತು.

"ಏನು ಪದ್ಧತಿ ತಮ್ಮ?" ಎಂದರು.

"ಅದನ್ನ ಹೇಳೋಕಾಗಲ್ಲ ಅಣ್ಣ. ಬಂದು ನೋಡ್ಬೇಕು." ಬರಲಿಕ್ಕಿಲ್ಲ ಎಂಬ ಧೈರ್ಯದಿಂದ ಹೇಳಿದ ಮಾತು.

ಷಡ್ಡಕರು ಮಾರನೆಯ ದಿನವೇ ಬಂದು ಕಾಜ ಹಾಕುವ ಮಿಷನ್ನಿನ ಪಕ್ಕ ಕೂತರು. ಮಣೆಯ ಮೇಲೆ ಒಬ್ಬ ಹುಡುಗ ನಿಂತು ಹಾಸ್ಟೆಲಿನ ಗೋಳು ಹೇಳಿಕೊಂಡ. ಅವನ ನಂತರ ಗುಂಡಿ ಅಂಗಡಿಯ ಹುಡುಗಿ ನಿಂತು, ಓದು ಬಿಡಿಸಿ ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಿದ ಅಪ್ಪನ ಮೇಲಿನ ಸಿಟ್ಟು ತೀರಿಸಿಕೊಂಡಳು. ಇಬ್ಬರಿಗೂ ಮಾಸ್ಟರು ಸಮನಾಗಿ ಹೂಂಗುಟ್ಟಿದರು. ಹುಡುಗಿ ಮೂಗೊರೆಸಿಕೊಂಡು "ಥ್ಯಾಂಕ್ಸ್ ಮಾಸ್ಟ್ರೇ" ಎಂದು ಹೋದದ್ದೇ ತಡ, ಷಡ್ಡಕರ ಕಣ್ಣು ಒದ್ದೆಯಾಯಿತು. ಅದು ಕರುಣೆಯ ನೀರಲ್ಲ, ಅನುದಾನದ್ದು.

"ಇದೇ, ತಮ್ಮ, ಇದೇ," ಎಂದರು. "ಕಡಿಮೆ ಆದಾಯದ ದೇಶಕ್ಕೆ ಹೇಳಿ ಮಾಡಿಸಿದ್ದು. ಡಾಕ್ಟರು ಬೇಡ, ಔಷಧಿ ಬೇಡ, ಕಟ್ಟಡ ಬೇಡ. ಒಂದು ಬೆಂಚು, ಒಂದಷ್ಟು ಸೂಜಿ."

ತಾನಿರುವುದು ಕಡಿಮೆ ಆದಾಯದ ದೇಶದಲ್ಲಿ ಎಂದು ಮಾಸ್ಟರಿಗೆ ತಿಳಿದದ್ದು ಆಗಲೇ. ಆದಾಯ ಕಡಿಮೆಯಿರುವುದು ತನ್ನೊಬ್ಬನಿಗೇ ಎಂದುಕೊಂಡು ಅವರು ಇಷ್ಟು ದಿನ ನಾಚಿಕೊಂಡಿದ್ದರು. ಇಡೀ ದೇಶವೇ ಜೊತೆಗಿದೆ ಎಂದಮೇಲೆ ಎದೆ ಸ್ವಲ್ಪ ಹಿಗ್ಗಿತು. ಹಿಗ್ಗಿದ ಎದೆಯಿಂದಲೇ ಒಂದು ಪ್ರಶ್ನೆ ಬಂತು.

"ಅಲ್ಲಣ್ಣ, ಸರ್ಕಾರಿ ಆಸ್ಪತ್ರೇಲಿ ಮನಸ್ಸಿನ ಡಾಕ್ಟರ ರೂಮು ಅಂತ ಒಂದಿದೆ. ಬೀಗ ಜಡಿದು ಎಷ್ಟೋ ವರ್ಷ ಆಯ್ತು, ಮುರಿದ ಮಂಚ ತುಂಬಿಟ್ಟಿದಾರೆ. ಆ ದುಡ್ಡಲ್ಲಿ ಒಬ್ಬ ಡಾಕ್ಟರನ್ನ ಕರೆಸಬಹುದಲ್ವಾ?"

ಷಡ್ಡಕರು ಮಗುವಿಗೆ ಹೇಳುವಂತೆ ಹೇಳಿದರು: "ಡಾಕ್ಟರು ಹಳೇದು ತಮ್ಮ. ಹಳೇದಕ್ಕೆ ಯಾರು ಅನುದಾನ ಕೊಡ್ತಾರೆ?"

ಪಕ್ಕದ ಅಂಗಡಿಯ ಬೀಗ ರಿಪೇರಿಯವನು ಗೋಡೆಯಾಚೆಯಿಂದಲೇ ಇದನ್ನೆಲ್ಲ ಕೇಳುತ್ತಿದ್ದ. ಈ ಸಾಲಿನಲ್ಲಿ ಗೋಡೆಗಳಿರುವುದು ಲೆಕ್ಕಕ್ಕೆ ಮಾತ್ರ. "ಆ ಬೀಗ ತೆಗೆಯೋದು ನನಗೆ ಬಿಡಿ ಸಾರ್," ಎಂದ. "ಒಂದು ನಿಮಿಷದ ಕೆಲಸ. ಒಳಗೆ ಕೂರೋರನ್ನ ನೀವು ತನ್ನಿ." ಇಂಥ ಮಾತಿಗೆ ಉತ್ತರ ಕೊಡಬೇಕಾದವರು ಗೋಡೆಯ ಈಚೆಗೂ ಇರುವುದಿಲ್ಲ, ಆಚೆಗೂ ಇರುವುದಿಲ್ಲ.

ಅರ್ಜಿ ಹೋಯಿತು, ಅನುದಾನ ಬಂತು. ಅದರ ಹಿಂದೆಯೇ ಒಬ್ಬ ಮೇಡಂ ಬಂದರು. ಯಾವ ಹುಡುಗನ ದುಃಖ ಎಷ್ಟು ಇಳಿಯಿತೆಂದು ಅಳೆಯುವುದು ಅವರ ಕೆಲಸವಾದ್ದರಿಂದ ಬೀಗದವನು ಅವರಿಗೆ ಅಳತೆ ಮೇಡಂ ಎಂದು ಹೆಸರಿಟ್ಟ. ಮಾಸ್ಟರಿಗೆ ಅವರ ಮೇಲೆ ವೃತ್ತಿಬಾಂಧವ್ಯ ಹುಟ್ಟಿತು. ತಮ್ಮ ಟೇಪನ್ನೇ ಕೊಡಲು ಹೋದರು.

ಅನುದಾನದ ಬಹುಪಾಲು ಒಂದು ಹೋಟೆಲಿನ ಸಭಾಂಗಣದಲ್ಲಿ ಖರ್ಚಾಯಿತು. ಬಡ ದೇಶಗಳ ಯುವಜನರ ಮನಸ್ಸಿನ ಬಗ್ಗೆ ಅಲ್ಲಿ ದಿನವಿಡೀ ಚರ್ಚೆ ನಡೆಯಿತು. ಯುವಜನರಿಗೆ ಪ್ರವೇಶವಿರಲಿಲ್ಲ. ಬೆಂಚಿನ ಹುಡುಗರ ಕಷ್ಟ ಏನೇನು ಎಂದು ಕೇಳಿದಾಗ ಮಾಸ್ಟರು ನೆನಪಿದ್ದಷ್ಟು ಹೇಳಿದರು: ಕೆಲಸ ಇಲ್ಲ, ಫೀಸು ಕಟ್ಟಲಾಗುವುದಿಲ್ಲ, ಹಾಸ್ಟೆಲಿನಲ್ಲಿ ನೀರಿಲ್ಲ. "ಅವು ನಮ್ಮ ವಿಷಯದೊಳಗೆ ಬರಲ್ಲ," ಎಂದು ಅಳತೆ ಮೇಡಂ ನಯವಾಗಿ ಅವನ್ನೆಲ್ಲ ಬದಿಗಿಟ್ಟರು. "ಅದು ಬಿಟ್ಟು ಬೇರೆ ಏನು ದುಃಖ ಅವರಿಗೆ?" ಮಾಸ್ಟರು ತಲೆ ಕೆರೆದುಕೊಂಡರು. ಅದು ಬಿಟ್ಟರೆ ಹುಡುಗರು ಸುಖವಾಗಿಯೇ ಇದ್ದರು.

ಉಳಿದ ಅನುದಾನ ಅಂಗಡಿಗೆ ಬಂತು. ಬೆಂಚಿನ ಮೇಲ್ಗಡೆ ಬಸ್ಸಿನಷ್ಟು ಉದ್ದದ ಬೋರ್ಡು ಬಂತು: "ಯುವ ಮಾನಸಿಕ ಆರೋಗ್ಯ ಆವಿಷ್ಕಾರ ಕೇಂದ್ರ." ಮಿಷನ್ನು ಪರದೆಯ ಹಿಂದೆ ಹೋಯಿತು. ಮಣೆಯ ಜಾಗಕ್ಕೆ ತಿರುಗುವ ಕುರ್ಚಿ ಬಂತು. ಕೊನೆಯಲ್ಲಿ ಬಂದದ್ದು ಸುರಕ್ಷತಾ ಸಮಿತಿಯ ಆದೇಶ: ಯೋಜನೆಯ ಸಿಬ್ಬಂದಿ ಯಾವ ಕಾರಣಕ್ಕೂ ಚೂಪಾದ ಲೋಹವನ್ನು ಬಾಯಲ್ಲಿ ಇಟ್ಟುಕೊಳ್ಳತಕ್ಕದ್ದಲ್ಲ, ಮೀರಿದರೆ ಅನುದಾನ ರದ್ದು.

"ಆದ್ರೆ ಸೂಜಿ ಬಿಟ್ರೆ ಪದ್ಧತಿ ಎಲ್ಲಿ?" ಎಂದು ಷಡ್ಡಕರು ಹೌಹಾರಿದರು.

ಅಳತೆ ಮೇಡಂ ಅದಕ್ಕೂ ದಾರಿ ಕಂಡುಕೊಂಡಿದ್ದರು. ಗುಂಡುಸೂಜಿಯ ಚಿತ್ರವಿರುವ ಒಂದು ಬಿಲ್ಲೆ ಮಾಡಿಸಿ ಮಾಸ್ಟರ ಅಂಗಿಗೆ ಸಿಕ್ಕಿಸಿದರು.

ಮಾಸ್ಟರ ಬಾಯಿ ಖಾಲಿಯಾಯಿತು. ಅಂದಿನಿಂದ ಆ ಬೀದಿಗೆ ಬಂದ ಆಪತ್ತನ್ನು ಬೀಗದವನು ಇವತ್ತಿಗೂ ಬಣ್ಣಿಸುತ್ತಾನೆ. ಮೊದಲು ಸಿಕ್ಕಿದವನು ಹಾಸ್ಟೆಲಿನ ಹುಡುಗ.

"ಈಚೀಚೆಗೆ ನಿದ್ದೇನೇ ಬರಲ್ಲ ಮಾಸ್ಟ್ರೇ," ಎಂದ.

"ಎಲ್ಲಿಂದ ಬರುತ್ತೆ? ಮೈ ಬಗ್ಗಿಸಿ ಕೆಲಸ ಮಾಡಿದ್ರೆ ತಾನೆ? ನಿನ್ನ ವಯಸ್ಸಲ್ಲಿ ನಾನು ನಿಂತಲ್ಲೇ ನಿದ್ದೆ ಮಾಡ್ತಿದ್ದೆ. ಹೊಲೀತಾ ಹೊಲೀತಾ ನಿದ್ದೆ ಮಾಡ್ತಿದ್ದೆ. ಆ ಫೋನು ಬಿಸಾಕು. ಬೆಳಿಗ್ಗೆ ಬೇಗ ಏಳು. ಹೊಟ್ಟೆ ತುಂಬ ನೀರು ಕುಡಿ. ನಿಮ್ಮಪ್ಪ ನಿನಗೆ ಏನು ಕಡಿಮೆ ಮಾಡಿದಾರೆ ಅಂತ..."

ಹುಡುಗ ತಿರುಗುವ ಕುರ್ಚಿಯಲ್ಲಿ ಮೆಲ್ಲಗೆ ಬೀದಿಯ ಕಡೆಗೆ ತಿರುಗಿ, ಒಂದು ಕಾಲು ಉದ್ದ ಒಂದು ಕಾಲು ಗಿಡ್ಡ ಇದ್ದ ಪ್ಯಾಂಟಿನಲ್ಲೇ ಎದ್ದುಹೋದ. ಗುಂಡಿ ಅಂಗಡಿಯ ಹುಡುಗಿಗೆ "ಅಪ್ಪ ಅಂದ್ರೆ ದೇವರಮ್ಮ" ಎಂದದ್ದಕ್ಕೆ ಅವಳು ಆಮೇಲೆ ಆ ಬದಿಯ ರಸ್ತೆಯಲ್ಲೇ ನಡೆಯಲಿಲ್ಲ. ಉಳಿದವರನ್ನು ಬೋರ್ಡು ನೋಡಿಕೊಂಡಿತು. "ಅದರ ಕೆಳಗೆ ಕೂತ್ರೆ ತಲೆ ಕೆಟ್ಟಿದೆ ಅಂತ ನಾವೇ ಡಂಗುರ ಹೊಡೆದ ಹಾಗೆ," ಎಂದು ಒಬ್ಬನೆಂದರೆ, "ತಲೆ ಕೆಟ್ಟಿರೋದು ಪರವಾಗಿಲ್ಲ ಮಾರಾಯ, ಬುದ್ಧಿವಾದ ಯಾರು ಕೇಳ್ತಾರೆ," ಎಂದ ಇನ್ನೊಬ್ಬ.

ಈ ದಿನಗಳಲ್ಲೇ ಮಗಳು ತನ್ನ ನೀಲಿ ಡ್ರೆಸ್ಸು ತೊಟ್ಟುಕೊಂಡು ಅಂಗಡಿಗೆ ಬಂದಳು. ಕೆಳಗಿನ ಅಂಚಿನ ಹೊಲಿಗೆ ಬಿಟ್ಟು ಜೋಲಾಡುತ್ತಿತ್ತು. ಮಣೆ ಎಲ್ಲಿ ಎಂದು ಹುಡುಕಿ, ಸಿಗದೆ, ನಿಂತಳು.

"ಹೊಸ ಡ್ರೆಸ್ಸು ಹರ್ಕೊಂಡು ಬಂದ್ಯಾ?" ಎಂದರು ಮಾಸ್ಟರು. "ನಡೆಯೋವಾಗ ನೆಲ ನೋಡ್ಬೇಕು. ಪುಸ್ತಕವಂತೂ ನೋಡಲ್ಲ, ನೆಲಾನಾದ್ರೂ ನೋಡಬಾರ್ದಾ? ಓದೋ ವಯಸ್ಸಲ್ಲಿ ಓದಿದ್ರೆ..."

"ಹೂಂ," ಎಂದು ಅವಳು ತಿರುಗಿ ಹೊರಟುಹೋದಳು. ಡ್ರೆಸ್ಸು ಮನೆಯ ಗೂಟ ಸೇರಿತು. ಟೈಲರನ ಮಗಳ ಬಟ್ಟೆಯೇ ಹೊಲಿಗೆ ಬಿಟ್ಟು ನೇತಾಡುವುದನ್ನು ನೋಡಿ ಹೆಂಡತಿ ದಿನವೂ ಹಣೆ ಚಚ್ಚಿಕೊಂಡಳು. "ನೀವು ಅದನ್ನ ಹೊಲಿಯೋದೂ ಬೇಡ, ಅವಳಿಗೆ ಹೇಳೋದೂ ಬೇಡ. ಅವಳು ಊಟ ಬಿಟ್ಟಿದಾಳೆ, ಗೊತ್ತಾ ನಿಮಗೆ? ಹೀಗೇ ಆದ್ರೆ ಮಗಳು ನಮ್ಮ ಕೈಗೆ ಉಳಿಯಲ್ಲ."

ಮಾಸ್ಟರು ಆ ಮಾತಿಗೆ ಮಾತ್ರ ಏನೂ ಹೇಳಲಿಲ್ಲ. ಆ ಮನೆಯಲ್ಲಿ ಅವರು ಸುಮ್ಮನಾದದ್ದು ಅದೇ ಮೊದಲು.

ಆಗ ಸುದ್ದಿ ಬಂತು: ಅನುದಾನ ಕೊಟ್ಟ ದೂರದೇಶದ ಅತಿಥಿ ಕೇಂದ್ರ ನೋಡಲು ಬರುತ್ತಾರೆ. ಷಡ್ಡಕರು ಓಡಿಬಂದು ಖಾಲಿ ಬೆಂಚು ನೋಡಿ ಅದರ ಮೇಲೆಯೇ ಕುಸಿದರು.

"ಒಬ್ಬನಾದ್ರೂ ಬೇಕು ತಮ್ಮ. ದುಃಖ ಇಲ್ಲದಿದ್ರೂ ಪರವಾಗಿಲ್ಲ, ವಯಸ್ಸು ಸರಿಯಾಗಿದ್ರೆ ಸಾಕು. ಇಲ್ಲಾಂದ್ರೆ ನನ್ನ ಕುರ್ಚಿ ಹೋಯ್ತು."

ಊಟದ ಡಬ್ಬಿ ತಂದಿದ್ದ ಮಾಸ್ಟರ ಹೆಂಡತಿ ಡಬ್ಬಿ ಕುಕ್ಕಿ ಹೇಳಿದಳು: "ಊರೆಲ್ಲ ಯಾಕೆ ಹುಡುಕ್ತೀರಾ ಭಾವ? ನಮ್ಮನೇಲೇ ಒಂದಿದೆ. ಅವಳನ್ನೇ ಕೂರಿಸಿ."

ಮಗಳನ್ನು ಕೇಳಿದರು. "ಹೂಂ," ಎಂದಳು.

"ಏನೂ ಭಯ ಬೇಡ ಪುಟ್ಟಿ," ಎಂದು ಷಡ್ಡಕರು ತರಬೇತಿ ಕೊಟ್ಟರು. "ಅವರಿಗೆ ನಮ್ಮ ಭಾಷೆ ಬರಲ್ಲ. ನೀನು ಏನಾದ್ರೂ ಮಾತಾಡು, ನಾನು ಚೆನ್ನಾಗಿ ಹೇಳ್ತೀನಿ."

ಅತಿಥಿ ಬಂದರು. ಎತ್ತರದ ಮನುಷ್ಯ, ಬೋರ್ಡಿಗೆ ತಲೆ ತಗುಲಿಸಿಕೊಂಡು ಒಳಗೆ ಬಂದು, ಎಲ್ಲರಿಗೂ ನಗುತ್ತಾ ಕೂತರು. ಅಳತೆ ಮೇಡಂ ಗಡಿಯಾರ ಹಿಡಿದು ನಿಂತರು. ಬೀಗದವನು ಬೀಗವೊಂದನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲೇ ರಿಪೇರಿಗೆ ಕೂತ.

ಮಗಳು ನೀಲಿ ಡ್ರೆಸ್ಸಿನಲ್ಲಿ ಬಂದಳು. ತಿರುಗುವ ಕುರ್ಚಿಯತ್ತ ನೋಡಲೂ ಇಲ್ಲ. ಪರದೆ ಸರಿಸಿ, ಮಿಷನ್ನಿನ ಕೆಳಗಿಂದ ಹಳೆಯ ಮಣೆ ಎಳೆದು, ಅದರ ಮೇಲೆ ಹತ್ತಿ ನಿಂತಳು. ಜೋಲುವ ಅಂಚು ಮಾಸ್ಟರ ಕಣ್ಣೆದುರಿಗೇ ಬಂತು. ಒಬ್ಬ ಟೈಲರನ ಎದುರಿಗೆ ಬಿಟ್ಟ ಹೊಲಿಗೆ ಇಟ್ಟು ಅವನ ಕೈಯನ್ನು ತಡೆಯಲು ಯಾವ ಸಮಿತಿಯಿಂದಲೂ ಆಗದು. ಮಾಸ್ಟರ ಕೈ ತಾನಾಗಿ ಡಬ್ಬಿಗೆ ಹೋಯಿತು, ಸೂಜಿಗಳು ಬಾಯಿಗೆ ಹೋದವು, ಮೊಣಕಾಲು ನೆಲಕ್ಕೆ ಹೋಯಿತು.

ಮಗಳು ಕೆಳಗೆ ನೋಡಿದಳು. ಅಪ್ಪನ ತುಟಿಯ ಮೇಲೆ ಉಕ್ಕಿನ ಸಾಲು ಇರುವುದನ್ನು ಖಚಿತಪಡಿಸಿಕೊಂಡು ಬಾಯಿ ತೆರೆದಳು.

"ನಾನು ಫೇಲಾಗಿದ್ದು ಓದದೆ ಅಲ್ಲಪ್ಪ."

"ಹೂಂ."

"ಎಲ್ಲಾ ಗೊತ್ತಿತ್ತು. ಬರೆಯೋಕೆ ಕೂತ್ರೆ ಕೈ ಮರಗಟ್ಟೋಯ್ತು. ಉಸಿರು ಸಿಗ್ತಿರಲಿಲ್ಲ. ಖಾಲಿ ಹಾಳೆ ಕೊಟ್ಟು ಎದ್ದು ಬಂದೆ."

ಷಡ್ಡಕರು ಅತಿಥಿಗೆ ಅವರ ಭಾಷೆಯಲ್ಲಿ ಅನುವಾದ ಮಾಡಿದರು: ಈ ಯೋಜನೆಯಿಂದ ನನ್ನ ಆತ್ಮವಿಶ್ವಾಸ ಹೆಚ್ಚಿದೆ ಎನ್ನುತ್ತಿದ್ದಾಳೆ. ಅತಿಥಿ ತಲೆಯಾಡಿಸಿದರು.

"ಅವತ್ತೇ ನಿನಗೆ ಹೇಳೋಕೆ ಬಂದೆ. ನೀನು ಬೀದಿದೀಪದ ಕೆಳಗೆ ಓದಿದ ಕಥೆ ಶುರು ಮಾಡ್ದೆ. ನೀನು ಓದೇ ಇಲ್ಲ ಅಂತ ಅಜ್ಜಿ ಯಾವತ್ತೋ ಹೇಳಿದಾಳೆ."

"ಹೂಂ," ಎಂದರು ಮಾಸ್ಟರು, ಸ್ವಲ್ಪ ತಡವಾಗಿ.

ಸಂಸ್ಥೆಗೆ ತಾನು ಋಣಿಯಾಗಿದ್ದೇನೆ ಎನ್ನುತ್ತಿದ್ದಾಳೆ, ಎಂದರು ಷಡ್ಡಕರು.

"ಈಗ್ಲೂ ಆ ಕಾಲೇಜಿನ ಗೇಟು ನೋಡಿದ್ರೆ ಹಾಗೇ ಆಗುತ್ತೆ. ಊಟ ಸೇರಲ್ಲ. ಯಾರಿಗೆ ಹೇಳ್ಲಿ? ನಿನಗೆ ಊಟದ ಡಬ್ಬಿ ತರೋವಾಗ ಹೊರಗೆ ನಿಂತು ಕೇಳಿಸ್ಕೊಳ್ತಿದ್ದೆ, ಗುಂಡಿ ಅಂಗಡಿಯವಳು ಎಷ್ಟು ಹೊತ್ತು ಮಾತಾಡೋಳು, ನೀನು ಎಷ್ಟು ಚೆನ್ನಾಗಿ ಹೂಂ ಅಂತಿದ್ದೆ. ನನಗೂ ಒಂದ್ಸಲ ಈ ಮಣೆ ಮೇಲೆ ನಿಲ್ಬೇಕು ಅನ್ಸಿತು. ನೀನು ಹೊಲಿದ ಹೊಲಿಗೆ ತಾನಾಗಿ ಎಲ್ಲಿ ಬಿಡುತ್ತೆ? ಕತ್ತರಿ ತಗೊಂಡು ನಾನೇ ಬಿಚ್ಚಿದೆ."

ಮಾಸ್ಟರು ಅಂಚನ್ನು ತಿರುವಿ, ಕತ್ತರಿ ಆಡಿದ ಗುರುತು ನೋಡಿದರು. ಷಡ್ಡಕರ ಅನುವಾದ ನಿಂತುಹೋಯಿತು.

ಅಳತೆ ಮೇಡಂ ಗಡಿಯಾರ ತಟ್ಟಿದರು. "ಸಮಯ ಆಯ್ತು. ಇನ್ನೊಂದು ಕೇಂದ್ರ ನೋಡೋದಿದೆ." ಅಷ್ಟರಲ್ಲಿ ಅತಿಥಿ ಮುಂದಕ್ಕೆ ಬಾಗಿ, ಮಾಸ್ಟರ ತುಟಿಯಲ್ಲಿ ಮಿನುಗುತ್ತಿದ್ದುದನ್ನು ಬೆರಳು ಮಾಡಿ ತೋರಿಸಿ, ಏನೋ ಕೇಳಿದರು. ಅವರ ನಗು ಮಾಯವಾಗಿತ್ತು. ಅದಕ್ಕೆ ಅನುವಾದ ಬೇಕಿರಲಿಲ್ಲ.

"ಉಗುಳು ತಮ್ಮ," ಎಂದು ಷಡ್ಡಕರು ಮಾಸ್ಟರ ಕಿವಿಯಲ್ಲಿ ಪಿಸುಗುಟ್ಟಿದರು. "ಅನುದಾನ ರದ್ದಾಗುತ್ತೆ. ಬೇಗ ಉಗುಳು."

ಮಾಸ್ಟರು ಮಗಳ ಮುಖ ನೋಡಿದರು. ಅವಳ ತುಟಿ ಇನ್ನೂ ಅರ್ಧ ತೆರೆದೇ ಇತ್ತು. ಇನ್ನೂ ಮಾತು ಬಾಕಿ ಇತ್ತು.

"ಊಹೂಂ," ಎಂದರು ಮಾಸ್ಟರು.

ಆ ಅಂಗಡಿಯಲ್ಲಿ ಅಂಥ ಶಬ್ದ ಅದುವರೆಗೆ ಕೇಳಿಬಂದಿರಲಿಲ್ಲ. ಬೀಗದವನು ಕೈಯಲ್ಲಿದ್ದ ಬೀಗ ಕೆಳಗಿಟ್ಟ. ಮಾಸ್ಟರು ಎದ್ದು, ಬಟ್ಟೆ ಅಳೆಯುವ ಕೋಲು ತೆಗೆದುಕೊಂಡು, ಕೋಳಿಗಳನ್ನು ಅಟ್ಟುವಂತೆ ಅತಿಥಿಯನ್ನೂ ಮೇಡಮ್ಮನ್ನೂ ಷಡ್ಡಕರನ್ನೂ ಬಾಗಿಲಾಚೆಗೆ ಸಾಗಿಸಿ, ಪರದೆ ಎಳೆದರು. ಹೋಗುವಾಗ ಅತಿಥಿಯ ತಲೆ ಬೋರ್ಡಿಗೆ ಇನ್ನೊಮ್ಮೆ ಬಡಿಯಿತು. ಪರದೆಯ ಹಿಂದಿನಿಂದ ಬೀದಿಗೆ ಕೇಳಿಸುತ್ತಿದ್ದದ್ದು ಹುಡುಗಿಯೊಬ್ಬಳ ಮಾತು, ನಡುನಡುವೆ ಒಂದು ಹೂಂ. ಮಧ್ಯಾಹ್ನದ ಊಟದ ಹೊತ್ತು ಮೀರಿದರೂ ಅದು ನಿಲ್ಲಲಿಲ್ಲ.

ಅನುದಾನ ರದ್ದಾಯಿತು. ಆದರೆ ಹೊಸತನ ವ್ಯರ್ಥವಾಗಲಿಲ್ಲ. ಮುಂದಿನ ವರ್ಷದ ಅನುದಾನ ಒಂದು ಮೊಬೈಲ್ ಆ್ಯಪಿಗೆ ಹೋಯಿತು. ಅದರ ಮುಂದೆ ಯಾರು ಏನೇ ಹೇಳಿಕೊಂಡರೂ ಅದು ಹಲವು ಭಾಷೆಗಳಲ್ಲಿ "ಹೂಂ" ಎನ್ನುತ್ತದಂತೆ. ಸರ್ಕಾರಿ ಆಸ್ಪತ್ರೆಯ ಆ ಕೋಣೆಯಲ್ಲಿ ಮುರಿದ ಮಂಚಗಳು ಈಗಲೂ ನೆಮ್ಮದಿಯಿಂದ ಮಲಗಿವೆ. ಮಾಸ್ಟರು ಮಗಳನ್ನು ಬಸ್ಸಿನಲ್ಲಿ ದೂರದ ಊರಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋಗುತ್ತಾರೆ. ಆ ದಿನ ಅಂಗಡಿಗೆ ರಜಾ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವಳು, ಈ ಬದಿಗೆ ಬಾಯಲ್ಲಿ ಸೂಜಿ ಕಚ್ಚಿಕೊಂಡ ಅವರು. ಕಂಡಕ್ಟರು ಟಿಕೆಟ್ ಕೇಳಿದರೆ ಬೆರಳಲ್ಲೇ ಎರಡು ಎಂದು ತೋರಿಸುತ್ತಾರೆ.

ಬಸ್ಸಿನಷ್ಟು ಉದ್ದದ ಬೋರ್ಡನ್ನು ಬೀಗದವನು ಇಳಿಸಿ, ಅಕ್ಷರ ಕೆಳಮುಖವಾಗಿ ಇಟ್ಟು ಬೆಂಚಿಗೆ ಹಲಗೆ ಮಾಡಿದ. ಬೆಂಚು ಉದ್ದವಾಯಿತು. ಹಾಸ್ಟೆಲಿನ ಹುಡುಗ ಮೊದಲು ಬಂದ, ಗಿಡ್ಡ ಕಾಲನ್ನು ಉದ್ದ ಮಾಡಿಸಿಕೊಳ್ಳಲು.

ಒಂದು ಸಂಜೆ ಷಡ್ಡಕರು ಬಂದರು. ದೊಡ್ಡ ಕುರ್ಚಿ ಹೋಗಿತ್ತು. ಬೆಂಚಿನ ಮೇಲೆ ಕೂತಿದ್ದ ಮಗಳು ಪುಸ್ತಕ ಎತ್ತಿಕೊಂಡು ದೊಡ್ಡಪ್ಪನಿಗೆ ಜಾಗ ಬಿಟ್ಟಳು. ಅವರು ಕೂರಲಿಲ್ಲ. ಒಳಗೆ ಬಂದು ಮಣೆಯ ಮೇಲೆ ಹತ್ತಿ ನಿಂತರು.

"ಅಂಗೀಗೆ ಒಂದು ಗುಂಡಿ ಹಾಕ್ಬೇಕಿತ್ತು ತಮ್ಮ."

ಮಾಸ್ಟರು ಅಂಗಿ ನೋಡಿದರು. ಕತ್ತಿನಿಂದ ಹೊಟ್ಟೆಯವರೆಗೆ ಗುಂಡಿಗಳೆಲ್ಲ ಭದ್ರವಾಗಿದ್ದವು. ಇಲ್ಲದಿದ್ದರೂ ಗುಂಡಿ ಹಾಕಲು ಗುಂಡುಸೂಜಿ ಬೇಕಾಗುವುದಿಲ್ಲ. ಹೇಳಲು ಮಾಸ್ಟರಿಗೆ ಮಾತುಗಳು ಬೇಕಾದಷ್ಟಿದ್ದವು, ಒಂದೊಂದೂ ನಾಲಗೆಯ ತುದಿಗೇ ಬಂದು ನಿಂತಿದ್ದವು. ಅವರು ಡಬ್ಬಿ ತೆರೆದು, ದಿನಕ್ಕಿಂತ ಒಂದು ಹಿಡಿ ಜಾಸ್ತಿಯೇ ಸೂಜಿ ತೆಗೆದು, ಬಾಯಿ ತುಂಬ ಕಚ್ಚಿಕೊಂಡರು.

"ನನ್ನ ಕೆಲಸ ಹೋಗಿರೋದು ನಿಮ್ಮ ಅತ್ತಿಗೆಗೆ ಇನ್ನೂ ಹೇಳಿಲ್ಲ," ಎಂದು ಷಡ್ಡಕರು ಶುರುಮಾಡಿದರು. "ದಿನಾ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕ್ಕೊಂಡು ಹೊರಡ್ತೀನಿ. ಎಲ್ಲಿಗೆ ಅಂತ ನನಗೇ ಗೊತ್ತಿರಲ್ಲ."

"ಹೂಂ," ಎಂದರು ಮಾಸ್ಟರು.